ನುಡಿ ಒಂದು ಕಡೆ, ನಡೆ ಒಂದು ಕಡೆ: ಆದರ್ಶವನ್ನೇ ಸ್ವಲ್ಪ ಇಳಿಸಿಬಿಡಬಹುದಾ?

ಹಾದಿಹೋಕ (ಚರ್ಚೆ ಶುರುಮಾಡಿದವರು)

ತುಂಬಾ ದಿನದಿಂದ ತಲೆ ಕೊರೀತಿರೋ ಪ್ರಶ್ನೆ. ದೊಡ್ಡ ಪಾಪಗಳ ಸುದ್ದಿ ಬೇಡ. ಕೊಲೆ ಮಾಡಬಾರದು, ದರೋಡೆ ಮಾಡಬಾರದು ಅನ್ನೋದನ್ನ ಪಾಲಿಸೋಕೆ ನಮ್ಮಲ್ಲಿ ಹೆಚ್ಚಿನವರು ಬೆಳಗ್ಗೆ ಎದ್ದು ಏನೂ ಕಷ್ಟಪಡಬೇಕಿಲ್ಲ. ನಾನು ಕೇಳ್ತಿರೋದು ಇಂಥವನ್ನ: ವಯಸ್ಸಾದ ಅಪ್ಪ ಹೇಳಿದ್ದನ್ನೇ ಹೇಳುವಾಗ ತಾಳ್ಮೆಯಿಂದ ಕೇಳಿಸಿಕೊಳ್ಳಬೇಕು. ಎದುರಿಗಿಲ್ಲದವರ ಬಗ್ಗೆ ಹಗುರವಾಗಿ ಮಾತಾಡಬಾರದು. ದುಡಿದದ್ದರಲ್ಲಿ ಒಂದು ಪಾಲು ಇಲ್ಲದವರಿಗೆ ಹೋಗಬೇಕು. ಮೀಟಿಂಗಲ್ಲಿ ಯಾರನ್ನಾದರೂ ಎಲ್ಲರೆದುರು ಹೀಯಾಳಿಸಿದರೆ ಬಾಯಿಬಿಡಬೇಕು.

ಇವುಗಳಲ್ಲಿ ಒಂದರ ಬಗ್ಗೆಯೂ ನನಗೆ ಅನುಮಾನ ಇಲ್ಲ. ಯಾರಾದರೂ ವಾದಕ್ಕೆ ನಿಂತರೆ ಗೆದ್ದುಬರ್ತೀನಿ. ಆದರೆ ಒಪ್ಪೋದಕ್ಕೂ ನಡೆಯೋದಕ್ಕೂ ನಡುವೆ ಇರೋ ಕಂದಕ ವರ್ಷ ಕಳೆದರೂ ತುಂಬೋದಿಲ್ಲ ಯಾಕೆ? ದುರ್ಯೋಧನ ಹೇಳಿದ್ದನಂತಲ್ಲ, ಧರ್ಮ ಏನು ಅಂತ ಗೊತ್ತು, ಅದರಲ್ಲಿ ಮನಸ್ಸು ತೊಡಗೋದಿಲ್ಲ. ಅಧರ್ಮ ಏನು ಅಂತಲೂ ಗೊತ್ತು, ಅದರಿಂದ ಹಿಂದೆ ಸರಿಯೋಕಾಗಲ್ಲ ಅಂತ.

ಗೆಳೆಯರು ಕೊಡೋ ಸಲಹೆ ಎರಡೇ. "ಇನ್ನೂ ಗಟ್ಟಿ ಮನಸ್ಸು ಮಾಡು" ಅಂತ ಒಂದು. "ನೀನೇನು ಸಂತನಾ? ಅಷ್ಟು ಎತ್ತರ ಇಟ್ಟುಕೊಂಡಿದ್ದೇ ತಪ್ಪು, ಇಳಿಸು" ಅಂತ ಇನ್ನೊಂದು. ಮೊದಲನೆಯದರಿಂದ ಏನೂ ಆಗ್ಲಿಲ್ಲ. ಎರಡನೆಯದು ಯಾಕೋ ಒಳಗೆ ಒಪ್ಪಲ್ಲ. ಮೂರನೇ ದಾರಿ ಅಂತ ಏನಾದ್ರೂ ಇದೆಯಾ?

ಅಡ್ಡಮಾತು

ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತ ಹಿರಿಯರು ಸುಮ್ನೆ ಹೇಳಿದ್ರಾ? ಇಳಿಸಿ ಗುರುಗಳೇ. ರಾತ್ರಿ ನಿದ್ದೆಯಾದ್ರೂ ಚೆನ್ನಾಗಿ ಬರುತ್ತೆ.

ಮಸಿಕುಡಿಕೆ

ಹಾದಿಹೋಕರೇ, ಮೊದಲು ಒಂದು ಸಣ್ಣ ತಿದ್ದುಪಡಿ. ಆ ಶ್ಲೋಕ ದುರ್ಯೋಧನನ ಬಾಯಲ್ಲಿ ಬರೋದು ಪ್ರಪನ್ನ ಗೀತೆಯಲ್ಲಿ, ಪಾಂಡವ ಗೀತೆ ಅಂತಲೂ ಕರೀತಾರೆ. ಭಗವದ್ಗೀತೆಯದ್ದಲ್ಲ. ತಿದ್ದುಪಡಿಗಿಂತ ಮುಖ್ಯವಾದದ್ದು, ಎಲ್ಲರೂ ಅರ್ಧ ಶ್ಲೋಕ ಹೇಳಿ ನಿಲ್ಲಿಸಿಬಿಡ್ತಾರೆ. ಉಳಿದರ್ಧದಲ್ಲಿ ಅವನು ಹೇಳೋದು: ಹೃದಯದಲ್ಲಿ ಕೂತ ಯಾವುದೋ ದೇವರು ಹೇಗೆ ನೇಮಿಸಿದ್ದಾನೋ ಹಾಗೆ ಮಾಡ್ತೀನಿ. ಅಲ್ಲಿಗೆ ಕಡತ ಮುಚ್ಚಿತು! ತಪ್ಪೊಪ್ಪಿಗೆಯಿಂದ ಶುರುವಾಗಿದ್ದು ಜವಾಬ್ದಾರಿ ಕಳಚಿಕೊಳ್ಳೋದರಲ್ಲಿ ಮುಗಿಯಿತು.

ಇದೇ ಮಾತನ್ನು ಗೀತೆಯ ಮೂರನೇ ಅಧ್ಯಾಯದಲ್ಲಿ ಅರ್ಜುನನೂ ಆಡ್ತಾನೆ. ಮನಸ್ಸಿಲ್ಲದಿದ್ದರೂ ಬಲವಂತಕ್ಕೆ ಸಿಕ್ಕಿದವನ ಹಾಗೆ ಮನುಷ್ಯ ಪಾಪ ಮಾಡ್ತಾನಲ್ಲ, ಯಾವುದು ಹಾಗೆ ಮಾಡಿಸೋದು ಅಂತ. ನೋಡಿ, ಅನುಭವ ಒಂದೇ. ಒಬ್ಬ ಅದನ್ನು ಉತ್ತರ ಅಂತ ಇಟ್ಟ, ಇನ್ನೊಬ್ಬ ಪ್ರಶ್ನೆ ಅಂತ ಕೇಳಿದ. ನಿಮ್ಮ ಪೋಸ್ಟ್ ಅರ್ಜುನನ ಸಾಲಲ್ಲಿದೆ, ಹೆದರಬೇಡಿ.

ಗ್ರೀಕರಲ್ಲೂ ಇದೇ ಜಗಳ. ಒಳ್ಳೆಯದು ಯಾವುದು ಅಂತ ನಿಜವಾಗಿ ಗೊತ್ತಿದ್ದವನು ಕೆಟ್ಟದ್ದು ಮಾಡೋಕೆ ಸಾಧ್ಯವೇ ಇಲ್ಲ, ಮಾಡಿದ ಅಂದ್ರೆ ಗೊತ್ತಿರಲಿಲ್ಲ ಅಂತಲೇ ಅರ್ಥ ಅನ್ನೋದು ಸಾಕ್ರಟೀಸನ ವಾದ. ಅರಿಸ್ಟಾಟಲ್‌ಗೆ ಇದು ಕಣ್ಣೆದುರಿಗೆ ಕಾಣೋದಕ್ಕೆ ವಿರುದ್ಧ ಅನ್ನಿಸಿತು. ಅವನು ಕೊಡೋ ಚಿತ್ರ ಕುಡುಕನದು. ಕುಡಿದವನೂ ಎಂಪೆಡೋಕ್ಲಿಸನ ಪದ್ಯ ತಪ್ಪಿಲ್ಲದೆ ಒಪ್ಪಿಸಬಲ್ಲ, ಆ ಹೊತ್ತಿನಲ್ಲಿ ಅದು ಅವನೊಳಗೆ ಕೆಲಸ ಮಾಡ್ತಿರಲ್ಲ ಅಷ್ಟೇ. ವಾದದಲ್ಲಿ ಗೆಲ್ತೀನಿ ಅಂದ್ರಲ್ಲ, ಅದು ಪದ್ಯ ಒಪ್ಪಿಸಿದ ಹಾಗೆ ಇರಬಹುದಾ?

ರಾತ್ರಿಪಾಳಿ

ಸರ್, ಇಷ್ಟೆಲ್ಲ ಒಳಗಡೆ ಹುಡುಕಬೇಕಾಗಿಲ್ಲ ಅನ್ಸುತ್ತೆ. ಹೊರಗಡೆ ನೋಡಿ.

1973ರಲ್ಲಿ ಡಾರ್ಲಿ, ಬ್ಯಾಟ್ಸನ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗ ಇದೆ. ಪ್ರಿನ್ಸ್‌ಟನ್ನಿನಲ್ಲಿ ಪಾದ್ರಿಯಾಗೋಕೆ ಓದ್ತಿದ್ದ ಹುಡುಗರನ್ನ ಒಂದು ಕಟ್ಟಡದಿಂದ ಇನ್ನೊಂದು ಕಟ್ಟಡಕ್ಕೆ ಭಾಷಣ ಮಾಡೋಕೆ ಅಂತ ಕಳಿಸಿದ್ರು. ದಾರೀಲಿ ಒಬ್ಬ ಕೆಮ್ಮುತ್ತಾ ನರಳುತ್ತಾ ಕುಸಿದು ಕೂತಿದ್ದ. ಅವನು ಪ್ರಯೋಗದವರೇ ಕೂರಿಸಿದ ಆಳು. ಹುಡುಗರಲ್ಲಿ ಅರ್ಧದಷ್ಟು ಜನ ಮಾತಾಡಬೇಕಿದ್ದದ್ದು ದಾರೀಲಿ ಬಿದ್ದವನನ್ನ ಎತ್ತಿ ಉಪಚರಿಸಿದ ಸಮಾರ್ಯದವನ ಬೈಬಲ್ ಕಥೆ ಬಗ್ಗೇನೇ!

ಆತುರ ಇಲ್ಲದವರಲ್ಲಿ ನೂರಕ್ಕೆ 63 ಜನ ನಿಂತು ಸಹಾಯ ಮಾಡಿದ್ರು. ಸ್ವಲ್ಪ ಆತುರ ಇದ್ದೋರಲ್ಲಿ 45. "ತಡ ಆಯ್ತು, ಅಲ್ಲಿ ಕಾಯ್ತಿದ್ದಾರೆ" ಅಂತ ಹೇಳಿ ಓಡಿಸಿದವರಲ್ಲಿ 10. ಆ ಕಥೆ ಬಗ್ಗೆ ಮಾತಾಡೋಕೆ ಹೊರಟಿದ್ದವರೇ ಕೆಲವರು ಅವನನ್ನ ದಾಟಿಕೊಂಡು ಹೋದ್ರಂತೆ.

ನಾನು ಪಾಳಿ ಕೆಲಸದವನು. ಹನ್ನೆರಡು ಗಂಟೆ ನಿಂತು ಕೆಲಸ ಮುಗಿಸಿ ಬಂದವನಿಗೆ ಬರೋ ತಾಳ್ಮೆನೇ ಬೇರೆ, ನಿದ್ದೆ ಮಾಡಿ ಎದ್ದವನದ್ದೇ ಬೇರೆ. ಮನುಷ್ಯ ಅದೇ, ಆದರ್ಶನೂ ಅದೇ. ನೀವು ಅಪ್ಪನ ಹತ್ರ ಕೂರೋದು ದಿನದ ಯಾವ ಹೊತ್ತಲ್ಲಿ? ಇದೊಂದು ನೋಡಿಕೊಳ್ಳಿ ಮೊದಲು.

ಗಣಿತದಮೇಡಂ

ರಾತ್ರಿಪಾಳಿಯವರೇ, ಒಳ್ಳೆಯ ಉದಾಹರಣೆ. ಒಂದು ಎಚ್ಚರ: ಆ ಪ್ರಯೋಗದಲ್ಲಿದ್ದವರು ಒಟ್ಟು 40 ಜನ. ಮೂರು ಗುಂಪು ಮಾಡಿದರೆ ಒಂದೊಂದರಲ್ಲಿ ಎಷ್ಟು ಉಳೀತಾರೆ ಲೆಕ್ಕ ಹಾಕಿ. ಆ 10, 45, 63ನ್ನು ಪ್ರಕೃತಿ ನಿಯಮದ ಹಾಗೆ ಹೇಳಿಕೊಂಡು ತಿರುಗೋದು ಬೇಡ.

ಅಲ್ಲದೆ ಆ ಪ್ರಬಂಧದವರೇ ಇನ್ನೊಂದು ಮಾತು ಸೇರಿಸಿದ್ದಾರೆ. ಓಡಿದವರೆಲ್ಲ ಕಲ್ಲುಹೃದಯದವರು ಅಂತ ತೀರ್ಮಾನಿಸಬೇಡಿ, ಆ ಕಡೆ ಇನ್ನೊಬ್ಬರು ಇವರನ್ನೇ ನಂಬಿ ಕಾಯ್ತಿದ್ದರು, ಇವರು ಎರಡು ಕರ್ತವ್ಯಗಳ ನಡುವೆ ಸಿಕ್ಕಿಕೊಂಡಿದ್ದರು ಅಂತ. ನಾವು "ನಡತೆ ಸೋತಿತು" ಅನ್ನೋ ಎಷ್ಟೋ ಕಡೆ ನಿಜಕ್ಕೂ ಒಂದು ಒಳ್ಳೆಯದು ಇನ್ನೊಂದು ಒಳ್ಳೆಯದನ್ನ ತಳ್ಳಿರುತ್ತೆ. ಎಲ್ಲ ಕಡೆಯೂ ಹಾಗಲ್ಲ ಅನ್ನಿ. ಎದುರಿಗಿಲ್ಲದವರ ಬಗ್ಗೆ ಆಡಿಕೊಳ್ಳುವಾಗ ಯಾವ ಕರ್ತವ್ಯ ನಮ್ಮನ್ನು ಎಳೆದಿರುತ್ತೆ?

ಅಡ್ಡಮಾತು

ಮೇಡಂ, ಮನರಂಜನೆಯ ಕರ್ತವ್ಯ 😄

ಸೀರಿಯಸ್ಸಾಗಿ ಒಂದು ಪ್ರಶ್ನೆ. ಇಷ್ಟೆಲ್ಲ ಓದಿ, ಯೋಚಿಸಿ, ಚರ್ಚೆ ಮಾಡಿದ್ರೆ ಜನ ಉತ್ತಮರಾಗ್ತಾರಾ? ನೀತಿಶಾಸ್ತ್ರದ ಪ್ರೊಫೆಸರುಗಳು ನಮಗಿಂತ ಒಳ್ಳೆಯವರಾ?

ಗಣಿತದಮೇಡಂ

ಅದನ್ನೂ ಅಳೆದಿದ್ದಾರೆ! ಎರಿಕ್ ಶ್ವಿಟ್ಸ್‌ಗೇಬಲ್ ಮತ್ತು ಜೋಶುವಾ ರಸ್ಟ್ ಅಮೆರಿಕದ ಪ್ರಾಧ್ಯಾಪಕರನ್ನು ಮೂರು ಗುಂಪು ಮಾಡಿ ಕೇಳಿದ್ರು: ನೀತಿಶಾಸ್ತ್ರ ಕಲಿಸುವವರು, ತತ್ವಶಾಸ್ತ್ರದ ಉಳಿದ ವಿಭಾಗದವರು, ಬೇರೆ ವಿಷಯದವರು. 2014ರಲ್ಲಿ ಪ್ರಕಟವಾಯಿತು. ಸಸ್ತನಿಗಳ ಮಾಂಸವನ್ನು ನಿಯಮಿತವಾಗಿ ತಿನ್ನೋದು ತಪ್ಪು ಅಂದವರು ನೀತಿಶಾಸ್ತ್ರದವರಲ್ಲಿ ನೂರಕ್ಕೆ 60, ಉಳಿದ ತತ್ವಶಾಸ್ತ್ರದವರಲ್ಲಿ 45, ಬೇರೆಯವರಲ್ಲಿ 19. ಹಿಂದಿನ ರಾತ್ರಿ ಊಟದಲ್ಲಿ ತಿಂದಿದ್ರಾ ಅಂದ್ರೆ, ಅದೇ ಕ್ರಮದಲ್ಲಿ 37, 33, 45. ಮಾತಿನಲ್ಲಿ 60ಕ್ಕೂ 19ಕ್ಕೂ ಇರೋ ಅಂತರ ತಟ್ಟೆಗೆ ಬರುವಷ್ಟರಲ್ಲಿ ಬಹುಪಾಲು ಕರಗಿತ್ತು.

ಇದಕ್ಕೆ ಶ್ವಿಟ್ಸ್‌ಗೇಬಲ್ ಕೊಡೋ ವಿವರಣೆ ಸ್ವಲ್ಪ ಚುಚ್ಚುತ್ತೆ. ನಮ್ಮಲ್ಲಿ ಹೆಚ್ಚಿನವರು ನಿಜಕ್ಕೂ ಒಳ್ಳೆಯವರಾಗೋಕೆ ಪ್ರಯತ್ನಪಡ್ತಾನೇ ಇಲ್ಲ, ಅಕ್ಕಪಕ್ಕದವರಷ್ಟು ಒಳ್ಳೆಯವರಾದ್ರೆ ಸಾಕು ಅಂತ ಇರ್ತೀವಿ ಅಂತಾನೆ. ಅಂದ್ರೆ ಹಾದಿಹೋಕರೇ, ಗೆಳೆಯರು ಇಳಿಸು ಅಂತಾರಲ್ಲ, ನೀವು ಬಾಯಲ್ಲಿ ಇಳಿಸಿಲ್ಲ ಅಷ್ಟೇ. ಕಾಲು ಆಗಲೇ ಇಳಿದು ಸುತ್ತಲಿನವರ ಮಟ್ಟದಲ್ಲಿ ನಿಂತಿರಬಹುದು. ಒರಟಾಯ್ತೇನೋ, ಕ್ಷಮಿಸಿ.

ಹಾದಿಹೋಕ

ಒರಟಾಗಿದೆ, ಆದ್ರೆ ತಗೊಂಡೆ. ಹಾಗಿದ್ರೆ ಮಾತಲ್ಲೂ ಇಳಿಸಿ ಪ್ರಾಮಾಣಿಕನಾಗಿಬಿಡೋದೇ ಸರಿಯಲ್ವಾ? "ನಾನು ಸರಾಸರಿ ಮನುಷ್ಯ, ಸರಾಸರಿಯಷ್ಟೇ ನನ್ನಿಂದಾಗೋದು" ಅಂತ?

ಮಸಿಕುಡಿಕೆ

ಬೇಡ! ಇಲ್ಲಿ ನಾನು ಹಟ ಹಿಡಿಯುವವನು. ಇಳಿಸಿದ ಕೂಡಲೇ ಏನು ಕಳೆದುಕೊಳ್ತೀರಿ ಅನ್ನೋದಕ್ಕೆ ಚರಿತ್ರೆಯಲ್ಲಿ ಒಳ್ಳೆಯ ಸಾಕ್ಷಿ ಇದೆ.

ಎಲ್ಲ ಮನುಷ್ಯರೂ ಸಮಾನರಾಗಿ ಸೃಷ್ಟಿಯಾದವರು ಅಂತ 1776ರಲ್ಲಿ ಅಮೆರಿಕದ ಸ್ವಾತಂತ್ರ್ಯ ಘೋಷಣೆಯಲ್ಲಿ ಬರೆದ ಥಾಮಸ್ ಜೆಫರ್ಸನ್ ತನ್ನ ಜೀವಮಾನದಲ್ಲಿ 600ಕ್ಕೂ ಹೆಚ್ಚು ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದ. ಇದಕ್ಕಿಂತ ದೊಡ್ಡ ಕಂದಕ ಸಿಗೋದು ಕಷ್ಟ. 1791ರಲ್ಲಿ ಬೆಂಜಮಿನ್ ಬ್ಯಾನೆಕರ್ ಅನ್ನೋ ಸ್ವತಂತ್ರ ಕಪ್ಪು ಮನುಷ್ಯ, ಪಂಚಾಂಗ ಗುಣಿಸುತ್ತಿದ್ದವನು, ಜೆಫರ್ಸನ್ನನಿಗೆ ಕಾಗದ ಬರೆದ. ನಿಮ್ಮದೇ ವಾಕ್ಯ ಇದು, ನೋಡಿ, ಅಂತ ಆ ಘೋಷಣೆಯ ಸಾಲನ್ನೇ ಎತ್ತಿ ಅವನ ಮುಂದಿಟ್ಟ. ಜೆಫರ್ಸನ್ ವಿನಯವಾಗಿ ಉತ್ತರ ಬರೆದ, ತನ್ನ ಗುಲಾಮರನ್ನು ಮಾತ್ರ ಬಿಡಲಿಲ್ಲ.

ಈಗ ಯೋಚಿಸಿ. ಜೆಫರ್ಸನ್ ಪ್ರಾಮಾಣಿಕನಾಗಿ ತನ್ನ ನುಡಿಯನ್ನು ನಡೆಯ ಮಟ್ಟಕ್ಕೆ ಇಳಿಸಿ, "ಕೆಲವರು ಸಮಾನರು" ಅಂತ ಬರೆದಿದ್ದರೆ ಬ್ಯಾನೆಕರ್ ಕೈಯಲ್ಲಿ ಎತ್ತಿ ತೋರಿಸೋಕೆ ಏನಿರ್ತಿತ್ತು? ಆಡಿದವನು ಪಾಲಿಸದ ಮಾತೂ ಬೇರೆಯವರಿಗೆ ಹಿಡಿದು ಕೇಳೋಕೆ ಸಿಗುತ್ತೆ. ನಾನು ಆಷಾಢಭೂತಿತನವನ್ನು ಹೊಗಳ್ತಿಲ್ಲ. ಆದರೆ ಬಾಯಿಬಿಟ್ಟು ಏನೂ ಹೇಳದವನನ್ನು ಯಾವ ಮಾತಿಗೂ ಹಿಡಿಯೋಕಾಗಲ್ಲ, ಅದು ಅವನಿಗೆ ಬಹಳ ಅನುಕೂಲದ ವ್ಯವಸ್ಥೆ.

ಟಾಲ್ಸ್‌ಟಾಯ್‌ಗೂ ಇದೇ ಆರೋಪ ಬಂದಿತ್ತು, ಬೋಧಿಸಿದ ಹಾಗೆ ಬದುಕೋದಿಲ್ಲ ಅಂತ. ಒಂದು ಪತ್ರದಲ್ಲಿ ಆತ ಕೊಟ್ಟ ಉತ್ತರದ ಸಾರಾಂಶ: ಮನೆಯ ದಾರಿ ನನಗೆ ಗೊತ್ತಿದೆ, ಅದರಲ್ಲಿ ಕುಡಿದವನ ಹಾಗೆ ತೂರಾಡ್ತಾ ಹೋಗ್ತಿದ್ದೀನಿ, ನಾನು ತೂರಾಡಿದ್ದಕ್ಕೆ ದಾರಿ ತಪ್ಪು ಅಂತ ಹೇಗಾಗುತ್ತೆ? ಬೈಯೋದಾದರೆ ನನ್ನನ್ನು ಬೈಯಿರಿ.

ಅಡ್ಡಮಾತು

ಅರಿಸ್ಟಾಟಲ್‌ನದು ಒಂದು, ಇದು ಎರಡನೇ ಕುಡುಕ. ಈ ಚರ್ಚೆ ಎಲ್ಲಿಗೆ ಹೋಗ್ತಿದೆ ಸ್ವಾಮಿ?

ಸುಮ್ನೆಓದೋಳು

ಯಾವಾಗಲೂ ಓದಿ ಹೋಗ್ತಿದ್ದೆ, ಇವತ್ತು ಬರೀಲೇಬೇಕು ಅನ್ನಿಸ್ತು.

ಟಾಲ್ಸ್‌ಟಾಯ್ ತೂರಾಡಿದ್ದು ಸರಿ. ತೂರಾಡುವಾಗ ಯಾರ ಮೇಲೆ ಬಿದ್ರು? ಹೆಂಡತಿ ಸೋಫಿಯಾ ಹೆತ್ತ ಮಕ್ಕಳು 13. ಅವರ ಕಾದಂಬರಿಗಳನ್ನ ಕೈಯಲ್ಲಿ ಮತ್ತೆ ಮತ್ತೆ ಪ್ರತಿ ಮಾಡಿದ್ದು ಆಕೆ. ಆಸ್ತಿ ಪಾಪ ಅಂತ ಅವರಿಗೆ ಜ್ಞಾನೋದಯ ಆದ ಮೇಲೆ ಎಸ್ಟೇಟು, ಲೆಕ್ಕಪತ್ರ, ಪ್ರಕಟಣೆ ಎಲ್ಲ ನೋಡಿಕೊಂಡಿದ್ದೂ ಆಕೆ. 1881ರ ನಂತರ ಬರೆದಿದ್ದರ ಹಕ್ಕನ್ನ 1891ರಲ್ಲಿ ಅವರು ಬಿಟ್ಟುಕೊಟ್ಟರು. ಆದರ್ಶ ಅವರದು, ಮನೆ ನಡೆಸೋ ಚಿಂತೆ ಆಕೆಯದು. ಕೊನೆಗೆ 1910ರಲ್ಲಿ ರಾತ್ರೋರಾತ್ರಿ ಮನೆ ಬಿಟ್ಟು ಹೋಗಿ ಅಸ್ತಪೋವೊ ಅನ್ನೋ ರೈಲು ನಿಲ್ದಾಣದಲ್ಲಿ ತೀರಿಕೊಂಡರು. ಎಚ್ಚರ ಇರೋ ತನಕ ಹೆಂಡತಿಯನ್ನ ಸುತ್ತಲಿದ್ದವರು ಒಳಗೆ ಬಿಡಲಿಲ್ಲ.

ನಾನು ಅವರನ್ನ ಹಳಿಯೋಕೆ ಬರೀತಿಲ್ಲ. ಆದ್ರೆ "ಆದರ್ಶಕ್ಕೆ ತಕ್ಕ ಹಾಗೆ ಬದುಕಿದ" ಅಂತ ಯಾರ ಬಗ್ಗೆ ಕೇಳಿದ್ರೂ ನನಗೆ ಮೊದಲು ಬರೋ ಪ್ರಶ್ನೆ, ಅದರ ಖರ್ಚು ಯಾರ ಖಾತೆಗೆ ಬಿತ್ತು? ಎಲ್ಲರಿಗೂ ಮನೆ ಬಾಗಿಲು ತೆರೆದಿರಬೇಕು ಅನ್ನೋದು ಒಬ್ಬರ ಆದರ್ಶ, ಬಂದವರಿಗೆಲ್ಲ ಎದ್ದು ಮಾಡಿ ಹಾಕೋರು ಇನ್ನೊಬ್ಬರು. ಸೋತು ಸೋತು ಬದುಕೋ ನಮ್ಮಂಥವರಲ್ಲಿ ಎಷ್ಟೋ ಜನ ಸೋಲೋದು ಮನಸ್ಸು ಗಟ್ಟಿ ಇಲ್ಲ ಅಂತಲ್ಲ. ಯಾರದೋ ಆದರ್ಶದ ಕೂಲಿ ಕೆಲಸ ಮಾಡಿ ಮಾಡಿ ನಮ್ಮದಕ್ಕೆ ಅಂತ ಏನೂ ಉಳಿದಿರಲ್ಲ, ಅದಕ್ಕೆ.

ಹಾದಿಹೋಕ ಅಣ್ಣ, ನಿಮ್ಮ ಪಟ್ಟೀಲಿ ಅಪ್ಪನ ಮಾತು ಕೇಳೋದು ಇದೆ. ಅಪ್ಪನ್ನ ಸ್ನಾನಕ್ಕೆ ಕರ್ಕೊಂಡು ಹೋಗೋರು ಯಾರು, ಮಾತ್ರೆ ಕೊಡೋರು ಯಾರು? ಅವರು ನೀವೇ ಆಗಿದ್ರೆ ನನ್ನ ಮಾತು ವಾಪಸ್. ಬೇರೆ ಯಾರಾದ್ರೂ ಆಗಿದ್ರೆ, ತಾಳ್ಮೆಯ ಆದರ್ಶಕ್ಕಿಂತ ಮೊದಲು ಮಾತ್ರೆಯ ಡಬ್ಬಿ ನಿಮ್ಮ ಕೈಗೆ ಬರಲಿ.

ರಾತ್ರಿಪಾಳಿ

ಅಕ್ಕ, ನಮಸ್ಕಾರ. ಇದನ್ನ ಪಿನ್ ಮಾಡಿ ಯಾರಾದ್ರೂ.

ನಿಧಾನಿ

ತಡವಾಗಿ ಬಂದೆ. ಮೂಲ ಪ್ರಶ್ನೆ ಮೂರನೇ ದಾರಿಯದ್ದು ತಾನೇ? ಜೈನರು ಇದನ್ನು ಬಹಳ ಹಿಂದೆಯೇ ಯೋಚಿಸಿಟ್ಟಿದ್ದಾರೆ, ಈ ಚರ್ಚೆಯಲ್ಲಿ ಯಾರೂ ಎತ್ತದೇ ಇದ್ದದ್ದು ಆಶ್ಚರ್ಯ.

ಅಹಿಂಸೆ, ಸತ್ಯ, ಅಸ್ತೇಯ (ಕದಿಯದಿರುವುದು), ಬ್ರಹ್ಮಚರ್ಯ, ಅಪರಿಗ್ರಹ (ಕೂಡಿಟ್ಟುಕೊಳ್ಳದಿರುವುದು) ಎಂಬ ಐದೂ ವ್ರತಗಳನ್ನು ಪೂರ್ತಿಯಾಗಿ, ಯಾವ ರಿಯಾಯಿತಿಯೂ ಇಲ್ಲದೆ ಹಿಡಿಯುವವರು ಮುನಿಗಳು, ಅವು ಮಹಾವ್ರತ. ಗೃಹಸ್ಥರಾದ ಶ್ರಾವಕರಿಗೆ ಅವೇ ಐದು, ಅಣುವ್ರತವಾಗಿ. ದಿಕ್ಕು ಒಂದೇ, ಅಳತೆ ಬೇರೆ. ಮುನಿಗೆ ಏನನ್ನೂ ಇಟ್ಟುಕೊಳ್ಳುವಂತಿಲ್ಲ. ಶ್ರಾವಕ ತಾನು ಇಟ್ಟುಕೊಳ್ಳುವುದಕ್ಕೆ ಒಂದು ಮಿತಿ ಹಾಕಿಕೊಳ್ಳುತ್ತಾನೆ. ಅದಕ್ಕೆ ಪರಿಗ್ರಹ ಪರಿಮಾಣ ಎನ್ನುತ್ತಾರೆ. ಇದನ್ನು ಇಳಿಸುವುದು ಎನ್ನಲಾಗದು, ಯಾಕೆಂದರೆ ಮೇಲಿನ ಅಳತೆ ಅಲ್ಲೇ ಕಣ್ಣೆದುರಿಗೆ ಇರುತ್ತದೆ. ಶ್ರಾವಕ ತನ್ನ ಮೆಟ್ಟಿಲನ್ನೇ ಶಿಖರ ಎಂದು ಕರೆದುಕೊಳ್ಳುವುದಿಲ್ಲ.

ಎರಡನೆಯದು ಪ್ರತಿಕ್ರಮಣ. ಆದ ದೋಷಗಳನ್ನು ಒಂದೊಂದಾಗಿ ನೆನೆದು ಹಿಂದಿರುಗುವ ಕ್ರಮ. ವ್ರತ ಹಿಡಿದವರು ಜಾರುತ್ತಾರೆ ಎಂಬುದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡ ವ್ಯವಸ್ಥೆ ಇದು. ನಮ್ಮ ತೊಂದರೆ ಏನೆಂದರೆ ಆದರ್ಶ ಇಟ್ಟುಕೊಂಡೆವು, ಜಾರಿದಾಗ ಏನು ಮಾಡಬೇಕು ಎಂಬುದನ್ನು ಇಟ್ಟುಕೊಳ್ಳಲಿಲ್ಲ. ಹಾಗಾಗಿ ಪ್ರತಿ ಸಲ ಜಾರಿದಾಗಲೂ ಇರುವ ಆಯ್ಕೆ ಎರಡೇ, ಹತಾಶೆ ಅಥವಾ ಮರೆವು. ಹೆಚ್ಚಿನವರು ಮರೆವನ್ನೇ ಆರಿಸಿಕೊಳ್ಳುತ್ತಾರೆ.

"ಮೀಟಿಂಗಿನಲ್ಲಿ ಬಾಯಿಬಿಡಬೇಕು" ಎಂಬುದು ಮಹಾವ್ರತದ ಧಾಟಿ. ಅದರ ಅಣುರೂಪ: ಅಲ್ಲೇ ಹೇಳಲಾಗದಿದ್ದರೆ ಅದೇ ದಿನ ಹೀಯಾಳಿಸಿಕೊಂಡವರ ಬಳಿ ಹೋಗಿ "ಅದು ತಪ್ಪು, ನಾನು ನೋಡಿದೆ" ಎನ್ನುವುದು. ಇದು ಸಣ್ಣದು, ಆದರೆ ಮಾಡಿದೆನೋ ಇಲ್ಲವೋ ಎಂಬುದಕ್ಕೆ ಹೌದು-ಇಲ್ಲ ಉತ್ತರ ಇರುವಂಥದ್ದು.

ಹಳೇಕನ್ನಡಕ

ನಿಧಾನಿಯವರ ಮಾತು ಒಪ್ಪುವೆ, ಆದರೆ ಅಳತೆ ಹಾಕಿದ ವ್ರತದಲ್ಲಿ ಒಂದು ಅಪಾಯ ಇದೆ. ಅಕ್ಷರ ಉಳಿದು ಅರ್ಥ ಸಾಯಬಹುದು. ಗಾಂಧೀಜಿಯ ಆಡಿನ ಹಾಲಿನ ಪ್ರಸಂಗ ನೆನಪಿಸಿಕೊಳ್ಳಿ. ಹಸು ಎಮ್ಮೆಗಳಿಗೆ ಕೊಡುವ ಹಿಂಸೆಯನ್ನು ಓದಿ ತಿಳಿದಿದ್ದ ಅವರು 1912ರಲ್ಲಿ, ದಕ್ಷಿಣ ಆಫ್ರಿಕಾದಲ್ಲಿದ್ದಾಗ, ಹಾಲು ಬಿಟ್ಟರು. 1918ರಲ್ಲಿ ಆಮಶಂಕೆಯಿಂದ ಸಾಯುವ ಸ್ಥಿತಿಗೆ ಹೋದರು. ಹಾಲಿಲ್ಲದೆ ಚೇತರಿಕೆ ಕಷ್ಟ ಎಂದರು ವೈದ್ಯರು. ಆಗ ಕಸ್ತೂರಬಾ, ಆಡಿನ ಹಾಲಿಗೆ ನಿಮ್ಮ ಪ್ರತಿಜ್ಞೆ ಅಡ್ಡ ಬರುವುದಿಲ್ಲವಲ್ಲ ಎಂದರು. ಕುಡಿದರು, ಬದುಕಿದರು.

ಆತ್ಮಕಥೆಯಲ್ಲಿ ಅವರು ಇದನ್ನು ಜಾಣ್ಮೆ ಎಂದು ಬರೆದುಕೊಳ್ಳಲಿಲ್ಲ. ಪ್ರತಿಜ್ಞೆಯ ಅಕ್ಷರ ಉಳಿಸಿ ಆತ್ಮವನ್ನು ಕೊಂದೆ, ಸತ್ಯಾಗ್ರಹಕ್ಕೆ ಇಳಿಯುವ ಆತುರದಲ್ಲಿ ಬದುಕುವ ಆಸೆ ಸತ್ಯಕ್ಕಿಂತ ಬಲವಾಯಿತು, ಈಗಲೂ ಅದು ಚುಚ್ಚುತ್ತದೆ ಎಂದರು. ಹಾಲು ಕುಡಿಯುವುದನ್ನೂ ಬಿಡಲಿಲ್ಲ! ನನಗೆ ಇಲ್ಲಿ ಕಾಣುವುದು ಹಾದಿಹೋಕರು ಕೇಳಿದ ಮೂರನೇ ದಾರಿಯೇ. ಸೋತದ್ದನ್ನು ಸೋಲೆಂದೇ ಕರೆದರು, ಆದರ್ಶವನ್ನು ತಿದ್ದಿ ಸೋಲನ್ನು ಗೆಲುವು ಮಾಡಿಕೊಳ್ಳಲಿಲ್ಲ, ಕೆಲಸವನ್ನೂ ನಿಲ್ಲಿಸಲಿಲ್ಲ. ನನಗಂತೂ ಅವರು ಹಾಲು ಕುಡಿದದ್ದೇ ಸರಿ ಎನಿಸುತ್ತದೆ, ಅದು ಬೇರೆ ಮಾತು.

ಹಾದಿಹೋಕ

ಎಲ್ಲರಿಗೂ ಧನ್ಯವಾದ. ಸುಮ್ನೆಓದೋಳು ಅವರೇ, ಮಾತ್ರೆ ಡಬ್ಬಿ ನನ್ನ ಕೈಯಲ್ಲಿಲ್ಲ. ಅಷ್ಟು ಹೇಳಿದ್ರೆ ನಿಮಗೆ ಉತ್ತರ ಸಿಕ್ಕಿತು ಅನ್ಕೋತೀನಿ.

ಗಳಿಕೆಯ ಪಾಲಿನ ವಿಷಯ ಇನ್ನೂ ಉಳಿದಿದೆ. ತತ್ವಶಾಸ್ತ್ರಜ್ಞ ಪೀಟರ್ ಸಿಂಗರ್ 1972ರಲ್ಲಿ ಬರೆದ ವಾದ ಓದಿದಾಗಿನಿಂದ ಬಿಡಿಸಿಕೊಳ್ಳೋಕಾಗಿಲ್ಲ. ಕಣ್ಣೆದುರಿನ ಕೊಳದಲ್ಲಿ ಮಗು ಮುಳುಗ್ತಿದ್ರೆ ಬಟ್ಟೆ ಕೆಸರಾಗುತ್ತೆ ಅಂತ ಯಾರೂ ನಿಲ್ಲಲ್ಲ, ಹಾಗಾದ್ರೆ ದೂರದಲ್ಲಿ ಸಾಯ್ತಿರೋ ಮಗು ದೂರ ಇದೆ ಅನ್ನೋದೊಂದೇ ಕಾರಣಕ್ಕೆ ಹೇಗೆ ಬೇರೆಯಾಗುತ್ತೆ? ಇಲ್ಲಿ ಅಣುವ್ರತದ ಅಳತೆ ಎಲ್ಲಿ ಹಾಕೋದು? ಎಷ್ಟು ಕೊಟ್ಟರೂ ಇನ್ನೊಂದು ಮಗು ಇದ್ದೇ ಇರುತ್ತೆ.

ಮಸಿಕುಡಿಕೆ

ಸೂಸನ್ ವುಲ್ಫ್ ಅನ್ನೋ ತತ್ವಶಾಸ್ತ್ರಜ್ಞೆ 1982ರಲ್ಲಿ ಈ ಕಡೆಯಿಂದ ಹಿಡಿದರು. ಪ್ರತಿ ಕ್ಷಣವನ್ನೂ ಒಳಿತಿಗೇ ಮುಡಿಪಿಟ್ಟ ಸಂತರು ಇದ್ದಾರೋ ಇಲ್ಲವೋ, ಇದ್ದರೂ ನಾನಾಗಲಿ ನನಗೆ ಪ್ರಿಯರಾದವರಾಗಲಿ ಅವರಲ್ಲಿ ಒಬ್ಬರಲ್ಲ ಅನ್ನೋದು ನನಗೆ ಖುಷಿ ಅಂತ. ಸಂಗೀತ, ಹಾಸ್ಯ, ಒಂದು ವಿಷಯದ ಹುಚ್ಚು ಎಲ್ಲ ಒಣಗಿದ ಬದುಕು ನಮಗೆ ಮಾದರಿ ಆಗಬೇಕಿಲ್ಲ ಅನ್ನೋದು ಅವರ ವಾದ. ನನಗೆ ಅರ್ಧ ಮಾತ್ರ ಒಪ್ಪಿಗೆ. ಆ ವಾದವನ್ನು ಬಹಳ ಇಷ್ಟಪಡೋರು ಸಾಮಾನ್ಯವಾಗಿ ಸಂತತನದ ಗಡಿಯಿಂದ ಗಾವುದ ದೂರ ಇರ್ತಾರೆ, ನನ್ನನ್ನೂ ಸೇರಿಸಿ.

ಅಳತೆ ಬೇಕಾದರೆ, 2009ರಲ್ಲಿ ಟೋಬಿ ಆರ್ಡ್ ಶುರುಮಾಡಿದ ದಾನಿಗಳ ಸಂಘದ ಪ್ರತಿಜ್ಞೆಯಲ್ಲಿ ಆದಾಯದ ನೂರಕ್ಕೆ 10 ಅಂತಿದೆ. 10 ಯಾಕೆ, 11 ಯಾಕಲ್ಲ ಅಂದ್ರೆ ತರ್ಕದ ಉತ್ತರ ಇಲ್ಲ. ಗೆರೆ ಎಲ್ಲೋ ಒಂದು ಕಡೆ ಎಳೆದಿದ್ದಾರೆ. ಎಳೆಯದೇ ಇದ್ದವರು ಕೊಡೋದು ಹೆಚ್ಚಿನ ಸಲ ಸೊನ್ನೆ.

ಗಣಿತದಮೇಡಂ

ಗೆರೆ ಎಳೆಯಿರಿ, ಅದನ್ನು ಅಳೆಯೋ ಕೆಲಸ ಮಾತ್ರ ನೀವೊಬ್ಬರೇ ಮಾಡಬೇಡಿ. ಮೇಲೆ ಬಂದ ಬ್ಯಾಟ್ಸನ್ ಅವರದ್ದೇ 1997ರ ಇನ್ನೊಂದು ಪ್ರಯೋಗ ಇದೆ. ಎರಡು ಕೆಲಸ, ಒಂದು ಲಾಭದ್ದು, ಇನ್ನೊಂದು ಬೇಸರದ್ದು. ಯಾವುದು ನಿನಗೆ, ಯಾವುದು ಇನ್ನೊಬ್ಬನಿಗೆ, ನೀನೇ ಹಂಚು, ಬೇಕಾದರೆ ನಾಣ್ಯ ಚಿಮ್ಮು ಅಂದ್ರು. ಒಬ್ಬರೇ ಕೂತು ನಾಣ್ಯ ಚಿಮ್ಮಿದ 10 ಜನರಲ್ಲಿ 9 ಜನಕ್ಕೆ ಲಾಭದ ಕೆಲಸವೇ "ಬಿತ್ತು"! ಆಮೇಲಿನ ಪ್ರಯೋಗದಲ್ಲಿ ಎದುರಿಗೆ ಕನ್ನಡಿ ಇಟ್ಟಾಗ ನಾಣ್ಯ ನ್ಯಾಯವಾಗಿ ಬೀಳೋಕೆ ಶುರುವಾಯಿತು. ಸಣ್ಣ ಪ್ರಯೋಗಗಳೇ, ಎಚ್ಚರಿಕೆ ಇದಕ್ಕೂ ಅನ್ವಯಿಸುತ್ತೆ.

ನಿಮ್ಮ ಪ್ರತಿಕ್ರಮಣವನ್ನು ಇನ್ನೊಬ್ಬರ ಮುಂದೆ ಮಾಡಿ. ತಿಂಗಳಿಗೊಮ್ಮೆ ಸಾಕು.

ಅಡ್ಡಮಾತು

ಮೇಡಂ, ಯಾರೋ ನೋಡ್ತಿದ್ದಾರೆ ಅಂತ ಒಳ್ಳೆಯವನಾದ್ರೆ ಅದು ಒಳ್ಳೆತನ ಹೇಗಾಗುತ್ತೆ? ಭಯ ಅಲ್ವಾ ಅದು?

ಸುಮ್ನೆಓದೋಳು

ಮಾತ್ರೆ ತಗೊಳ್ಳೋರಿಗೆ ಅದು ಟೈಮಿಗೆ ಸಿಕ್ಕಿದ್ರೆ ಸಾಕಪ್ಪ. ಕೊಟ್ಟವನು ಭಯಕ್ಕೆ ಕೊಟ್ಟನೋ ಭಕ್ತಿಗೆ ಕೊಟ್ಟನೋ ಅಂತ ಅವರು ಕೇಳಲ್ಲ.

ಅಡ್ಡಮಾತು

ಒಪ್ಪಲ್ಲ ಅಕ್ಕ. ಭಯಕ್ಕೆ ಕೊಡೋನು ಯಾರೂ ನೋಡದ ದಿನ ಕೊಡಲ್ಲ. ಆ ದಿನಕ್ಕೆ ಏನು ಮಾಡ್ತೀರಿ?

ನಿಧಾನಿ

ಆ ದಿನದ ಲೆಕ್ಕವೂ ತಿಂಗಳ ಕೊನೆಗೆ ಮೇಡಂ ಮುಂದೆ ಬರುತ್ತದಲ್ಲ. ನೀವೂ ಒಂದು ಹಿಡಿದು ನೋಡಿ ಅಡ್ಡಮಾತು ಅವರೇ, ಎದುರಿಗಿಲ್ಲದವರ ಬಗ್ಗೆ ಆಡಿಕೊಳ್ಳದಿರುವ ವ್ರತ. ಒಂದು ವಾರಕ್ಕೆ.

ಅಡ್ಡಮಾತು

ವಾರವಾ! ಮೂರು ದಿನಕ್ಕೆ ಇಳಿಸ್ತೀರಾ?